ದೇವರಿಗೊಂದು ಅರ್ಜಿ, ದೆವ್ವಕ್ಕೊಂದು ನೋಟಿಸ್

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾಡಿದ ಉಪನ್ಯಾಸ ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾಟ, ಮಂತ್ರ, ತಾಯಿತ ಅಂತ ವಿಷಯ ಹಾಕಿದರೆ ಜನ ಜಾಸ್ತಿ ಬರುತ್ತಾರೆ ಎಂದು ಆಯೋಜಕರು ಹೇಳಿದ್ದರು. ಅವರ ಲೆಕ್ಕ ಸರಿಯಾಗಿದೆ, ಹಿಂದೆ ನಿಂತವರೂ ಇದ್ದಾರೆ. ಮೊದಲೇ ಹೇಳಿಬಿಡುತ್ತೇನೆ. ಮಾಟ ಮಾಡುವುದು ಹೇಗೆ ಎಂದು ಇವತ್ತು ಕಲಿಸುವುದಿಲ್ಲ. ಆದರೆ ಕಣ್ಣಿಗೆ ಕಾಣದಂತೆ ಓಡಾಡುವ ವಿಧಾನ ಒಂದನ್ನು ಖಂಡಿತ ಹೇಳುತ್ತೇನೆ. ಅದು ಮೈಸೂರಿನಲ್ಲೇ ಸಿಕ್ಕಿದ್ದು. ಸ್ವಲ್ಪ ಕಾಯಿರಿ.

ಇಂಗ್ಲೆಂಡಿನಲ್ಲಿ ಬಾತ್ ಎಂಬ ಊರಿದೆ. ಅಲ್ಲೊಂದು ಬಿಸಿನೀರಿನ ಬುಗ್ಗೆ. ರೋಮನ್ನರು ಆಳುತ್ತಿದ್ದಾಗ ಅಲ್ಲಿ ಸುಲಿಸ್ ಮಿನರ್ವಾ ಎಂಬ ದೇವಿಯ ಗುಡಿ ಇತ್ತು. ಆ ಬುಗ್ಗೆಯನ್ನು ಶೋಧಿಸಿದಾಗ ಸುಮಾರು 130 ತಗಡುಗಳು ಸಿಕ್ಕವು. ಸೀಸ, ತವರ ಬೆರೆಸಿದ ತೆಳು ತಗಡು. ಮೊಳೆಯಂಥ ಚೂಪಿನಿಂದ ಕೊರೆದು, ಮಡಚಿ ನೀರಿಗೆ ಎಸೆದದ್ದು. ಎಲ್ಲವೂ ಶಾಪಗಳು. ಮಾಟದ ತಗಡು ಎಂದರೆ ನಮಗೆ ಏನು ನೆನಪಾಗುತ್ತದೆ? ವೈರಿಯ ನಾಶ, ವಂಶದ ನಾಶ, ರಾಜ್ಯ ಉರುಳಿಸುವ ಪಿತೂರಿ, ಅಲ್ವಾ? ಅಲ್ಲಿ ಇರುವುದು ಅದಲ್ಲ. ಡೊಸಿಮೆಡಿಸ್ ಎಂಬಾತನ ಎರಡು ಕೈಗವಸು ಕಳುವಾಗಿವೆ. ಕದ್ದವನ ಬುದ್ಧಿಯೂ ಕಣ್ಣೂ ದೇವಿಯ ಗುಡಿಯಲ್ಲೇ ಹೋಗಲಿ ಎಂದು ಅವನು ಕೇಳಿಕೊಂಡಿದ್ದಾನೆ. ಇನ್ನೊಬ್ಬನ ಮೇಲಂಗಿ ಹೋಗಿದೆ. ಅನ್ನಿಯಾನಸ್ ಎಂಬಾತನ ಕೈಚೀಲದಿಂದ ಆರು ಬೆಳ್ಳಿ ನಾಣ್ಯ ಹೋಗಿವೆ. ಅವನು ಸುಮ್ನೆ ಬೈದು ಕೂರಲಿಲ್ಲ. ತಗಡಿನ ಹಿಂಬದಿಗೆ 18 ಹೆಸರು ಕೊರೆದುಕೊಟ್ಟಿದ್ದಾನೆ. ಅವನ ಅನುಮಾನ ಅವರ ಮೇಲೆ ಎಂದು ಕಾಣುತ್ತದೆ.

ಈ ತಗಡುಗಳ ಭಾಷೆಯನ್ನು ಗಮನಿಸಿ. ಕದ್ದವನು ಗಂಡಾಗಲಿ ಹೆಣ್ಣಾಗಲಿ, ದಾಸನಾಗಲಿ ಸ್ವತಂತ್ರನಾಗಲಿ ಎಂದು ಮತ್ತೆ ಮತ್ತೆ ಬರುತ್ತದೆ. ಅನ್ನಿಯಾನಸ್ ಇನ್ನೂ ಹುಷಾರು. ಕ್ರೈಸ್ತನಾಗಲಿ ಅಲ್ಲದವನಾಗಲಿ ಎಂದೂ ಸೇರಿಸಿದ್ದಾನೆ. ಯಾವ ಸಂದಿಯಿಂದಲೂ ಕಳ್ಳ ನುಸುಳಿ ಹೋಗಬಾರದು! ಇದು ಕವಿತೆಯ ಭಾಷೆ ಅಲ್ಲ, ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯ ಭಾಷೆ. ನನ್ನ ಇವತ್ತಿನ ಮಾತೆಲ್ಲ ಇಷ್ಟೇ. ಇತಿಹಾಸದಲ್ಲಿ ನಮಗೆ ನಿಜವಾಗಿ ಸಿಗುವ ಮಾಟ ಮಂತ್ರ ಬಹುಪಾಲು ಅರ್ಜಿ. ದೂರು ಕೇಳುವವರು ಯಾರೂ ಇಲ್ಲದವನು ಬರೆದ ಅರ್ಜಿ. ನಾವು ಸಿನಿಮಾದಲ್ಲಿ, ಕಾದಂಬರಿಯಲ್ಲಿ, ಆಟಗಳಲ್ಲಿ ನೋಡುವ ಮಾಯಾಜಾಲ ಮಾತ್ರ ಆಯುಧ. ಈ ಅರ್ಜಿ ಆಯುಧ ಆದದ್ದು ಹೇಗೆ ಎಂಬುದೇ ನನ್ನ ಕುತೂಹಲ.

ಬಾತ್‌ನ ತಗಡುಗಳಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಇನ್ನೊಂದಿದೆ. ಬಹುತೇಕ ಪ್ರತಿ ತಗಡಿನ ಕೈಬರಹವೂ ಬೇರೆ ಬೇರೆ. ಅಂದರೆ ವೃತ್ತಿ ಮಾಂತ್ರಿಕನೊಬ್ಬ ಕೂತು ಎಲ್ಲರಿಗೂ ಬರೆದುಕೊಟ್ಟದ್ದಲ್ಲ. ಜನ ತಾವೇ ಬರೆದಿದ್ದಾರೆ. ಕೆಲವು ತಗಡುಗಳಲ್ಲಿ ಅಕ್ಷರವೇ ಇಲ್ಲ, ಅಕ್ಷರದ ಹಾಗೆ ಕಾಣುವ ಗೀಚು ಅಷ್ಟೇ. ಓದು ಬರಹ ಬಾರದವನೂ ಅರ್ಜಿ ಹಾಕಿದ್ದಾನೆ. ದೇವಿಗೆ ಅರ್ಥವಾಗುತ್ತದೆ ಬಿಡು ಎಂದುಕೊಂಡಿರಬೇಕು.

ಈಗಿನ ಇರಾಕ್ ಕಡೆ ಬನ್ನಿ. ಕ್ರಿ.ಶ. 5ರಿಂದ 8ನೇ ಶತಮಾನದ ನಡುವೆ ಅಲ್ಲಿನ ಜನ ಮಣ್ಣಿನ ಬಟ್ಟಲುಗಳ ಒಳಗೆ ಮಂತ್ರ ಬರೆಸುತ್ತಿದ್ದರು. ಅಕ್ಷರಗಳು ಸುರುಳಿ ಸುತ್ತಿಕೊಂಡು ಹೋಗುತ್ತವೆ. ಆಮೇಲೆ ಆ ಬಟ್ಟಲನ್ನು ಹೊಸ್ತಿಲ ಕೆಳಗೋ ಮನೆಯ ಮೂಲೆಯಲ್ಲೋ ಬೋರಲು ಹಾಕಿ ಹೂಳುತ್ತಿದ್ದರು. ದೆವ್ವ ಅದರೊಳಗೆ ಸಿಕ್ಕಿಬೀಳಲಿ ಎಂದು. ಕೆಲವು ಬಟ್ಟಲುಗಳಲ್ಲಿ ಇರುವುದು ಏನು ಗೊತ್ತೇ? ವಿಚ್ಛೇದನದ ಪತ್ರ! ಯಹೂದಿಗಳಲ್ಲಿ ಗಂಡ ಹೆಂಡತಿಗೆ ಕೊಡುವ ಬಿಡುಗಡೆ ಪತ್ರದ ಒಕ್ಕಣೆಯನ್ನೇ ತೆಗೆದುಕೊಂಡು, ಲಿಲಿತ್ ಎಂಬ ಹೆಣ್ಣು ದೆವ್ವಕ್ಕೆ ನೋಟಿಸ್ ಕೊಟ್ಟಿದ್ದಾರೆ. ಇನ್ನು ನಿನಗೂ ಈ ಮನೆಗೂ ಸಂಬಂಧ ಇಲ್ಲ, ಪತ್ರ ತೆಗೆದುಕೊಂಡು ಹೊರಡು ಎಂದು. ಬಲದಿಂದ ಓಡಿಸಲು ಆಗದ ದೆವ್ವವನ್ನು ಕಾಗದಪತ್ರದಿಂದ ಓಡಿಸುವ ಉಪಾಯ. ಮನೆಯವರ ಹೆಸರನ್ನು ಅಲ್ಲಿ ತಾಯಿಯ ಹೆಸರಿನೊಂದಿಗೆ ಬರೆಯುತ್ತಾರೆ. ಇಂಥವಳು ಹೆತ್ತ ಇಂಥವನು ಎಂದು. ಈಜಿಪ್ಟಿನ ಗ್ರೀಕ್ ವಶೀಕರಣ ಮಂತ್ರಗಳಲ್ಲೂ ಹೀಗೇ. ವಿಳಾಸ ತಪ್ಪಬಾರದಲ್ಲ. ನಮ್ಮ ದೇವಸ್ಥಾನದ ಕೌಂಟರಿನಲ್ಲಿ ಹೆಸರು, ನಕ್ಷತ್ರ, ರಾಶಿ, ಗೋತ್ರ ಎಂದು ಕೇಳುತ್ತಾರೆ. ಕಾರಣ ಹೆಚ್ಚುಕಡಿಮೆ ಅದೇ.

ಹಳೆ ಈಜಿಪ್ಟಿನಲ್ಲಿ ಸತ್ತವರ ಎದೆಯ ಮೇಲೆ ಜೀರುಂಡೆ ಆಕಾರದ ಕಲ್ಲನ್ನು ಇಡುತ್ತಿದ್ದರು. ಅದರ ಕೆಳಬದಿಗೆ ಒಂದು ಮಂತ್ರ. ಅದು ಸತ್ತವನು ತನ್ನ ಹೃದಯಕ್ಕೆ ಹೇಳುವ ಮಾತು. ನ್ಯಾಯಸ್ಥಾನದಲ್ಲಿ ನನ್ನ ವಿರುದ್ಧ ಸಾಕ್ಷಿ ಹೇಳಬೇಡ ಎಂದು. ತನ್ನ ಹೃದಯವನ್ನೇ ನಂಬದ ಮನುಷ್ಯ. ಇದಕ್ಕಿಂತ ಪ್ರಾಮಾಣಿಕವಾದ ಮಂತ್ರವನ್ನು ನಾನು ಓದಿಲ್ಲ.

ಇನ್ನು ನಮ್ಮೂರು. ಇಲ್ಲಿ ಕೂತವರಲ್ಲಿ ತುಂಬ ಜನರಿಗೆ 1990ರ ದಶಕದ ‘ನಾಳೆ ಬಾ’ ನೆನಪಿರಬೇಕು. ತಲೆ ಆಡಿಸುತ್ತಿದ್ದೀರಿ. ಸಣ್ಣವರಿಗಾಗಿ ಹೇಳುತ್ತೇನೆ. ರಾತ್ರಿ ಒಬ್ಬ ಹೆಂಗಸು ಬಂದು ಬಾಗಿಲು ತಟ್ಟುತ್ತಾಳೆ, ಮನೆಯವರದೇ ಧ್ವನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆಗೆದರೆ ಮುಗಿಯಿತು ಎಂಬ ಸುದ್ದಿ ಬೆಂಗಳೂರಿನ ಗಲ್ಲಿ ಗಲ್ಲಿಗೂ ಹಬ್ಬಿತ್ತು. ಪರಿಹಾರ? ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ಅವಳು ಓದಿಕೊಂಡು ಹೋಗುತ್ತಾಳೆ. ನಾಳೆ ಬಂದಾಗಲೂ ಅದೇ ಬರಹ. 2018ರಲ್ಲಿ ಒಂದು ಹಿಂದಿ ಸಿನಿಮಾ ಇಂಥದ್ದೇ ಕತೆ ಹೇಳಿ ಗೆದ್ದಿತು. ನನಗೆ ಮಾತ್ರ ಆ ಎರಡು ಪದದ ಚಾಲಾಕಿತನದ ಮೇಲೆ ಮೋಹ. ಹೋಗು ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಅದಕ್ಕೆ ವಾಯಿದೆ ಕೇಳಿದ್ದಾರೆ! ಸಿವಿಲ್ ಕೋರ್ಟು ನೋಡಿದ ಊರಿನವರಿಗೇ ಹೊಳೆಯಬಹುದಾದ ಮಂತ್ರ ಅದು. ಖರ್ಚು ಒಂದು ತುಂಡು ಸೀಮೆಸುಣ್ಣ.

ಮಂತ್ರದ ಮಾತಾಯಿತು. ವಸ್ತುಗಳಿಗೆ ಬರೋಣ. ಕೆ.ಆರ್. ಮಾರುಕಟ್ಟೆಯ ಸುತ್ತ ಒಂದು ಸುತ್ತು ಹಾಕಿ. ಕಪ್ಪು ದಾರ, ದೃಷ್ಟಿ ಬೊಂಬೆ, ತಾಯಿತದ ತಾಮ್ರದ ಕೊಳವೆ, ಮೆಣಸಿನಕಾಯಿ ನಿಂಬೆಹಣ್ಣಿನ ಸರ, ಎಲ್ಲ ಸಿಗುತ್ತದೆ. ಆಯುಧಪೂಜೆಯ ಮರುದಿನ ರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಗಾಡಿ ಜಾರಿದವರೂ ಇಲ್ಲಿರಬಹುದು. ದೃಷ್ಟಿ ತೆಗೆಯಲು ಹೋಗಿ ಇನ್ನೊಬ್ಬನ ಕಾಲು ಮುರಿಯುವುದು ಈ ನಗರದ ವಿಶೇಷ.

ಇದು ಇವತ್ತಿನ ರೂಢಿ ಅಲ್ಲ. ಅಥರ್ವವೇದದಲ್ಲಿ ತಾಯಿತಗಳಿಗೆಂದೇ ಸೂಕ್ತಗಳಿವೆ. ಶಂಖಮಣಿ ಕಟ್ಟಿಕೊಳ್ಳಲು ಒಂದು, ಜಂಗಿಡ ಎಂಬ ಗಿಡದಿಂದ ಮಾಡಿದ ಮಣಿಗೆ ಒಂದು. ಸಮುದ್ರದಲ್ಲಿ ಹುಟ್ಟಿದ ಶಂಖವೇ, ರೋಗದಿಂದ ಕಾಪಾಡು, ಆಯಸ್ಸು ಕೊಡು ಎಂಬ ಧಾಟಿ. ಸುಮಾರು 1800 ವರ್ಷದ ಹಿಂದೆ ರೋಮಿನ ಸೆರೆನಸ್ ಸಮ್ಮೋನಿಕಸ್ ಜ್ವರಕ್ಕೆ ಒಂದು ಮದ್ದು ಬರೆದ. ‘ಅಬ್ರಕಡಬ್ರ’ ಎಂಬುದನ್ನು ಹಾಳೆಯಲ್ಲಿ ಬರೆಯಬೇಕು. ಕೆಳಗಿನ ಸಾಲಲ್ಲಿ ಒಂದು ಅಕ್ಷರ ಕಡಿಮೆ, ಅದರ ಕೆಳಗೆ ಇನ್ನೊಂದು ಕಡಿಮೆ. ಕೊನೆಗೆ ಒಂದೇ ಅಕ್ಷರ ಉಳಿಯುತ್ತದೆ. ಅದನ್ನು ಕುತ್ತಿಗೆಗೆ ಕಟ್ಟಿಕೊಂಡರೆ ಜ್ವರವೂ ಹಾಗೇ ಇಳಿಯಬೇಕು. ಜಾದೂಗಾರರು ಟೋಪಿಯಿಂದ ಮೊಲ ತೆಗೆಯುವಾಗ ಹೇಳುವ ಮಾತು ಒಂದು ಕಾಲಕ್ಕೆ ಜ್ವರದ ಚೀಟಿ ಆಗಿತ್ತು.

ಆದರೆ ನಮಗೆ ಹತ್ತಿರದ ಒಂದು ತಾಯಿತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1799ರ ಮೇ 4. ಶ್ರೀರಂಗಪಟ್ಟಣ. ಆ ದಿನ ಟಿಪ್ಪುವಿಗೆ ಒಳ್ಳೆಯದಲ್ಲ ಎಂದು ಜ್ಯೋತಿಷಿಗಳು ಹೇಳಿದ್ದರು. ಬೆಳಿಗ್ಗೆ ಅವನು ಬ್ರಾಹ್ಮಣರಿಗೆ ದಾನ ಕೊಟ್ಟ. ಆನೆ, ಎಣ್ಣೆಕಾಳಿನ ಚೀಲ, ಕಪ್ಪು ಎತ್ತು, ಕಪ್ಪು ಮೇಕೆ, ಕಪ್ಪು ಒರಟು ಬಟ್ಟೆಯ ಅಂಗಿ, ಹಣ, ಎಣ್ಣೆ ತುಂಬಿದ ಕಬ್ಬಿಣದ ಪಾತ್ರೆ. ಪಾತ್ರೆ ಕೊಡುವ ಮೊದಲು ಅದರ ಮೇಲೆ ಬಗ್ಗಿ ಎಣ್ಣೆಯಲ್ಲಿ ತನ್ನ ಮುಖ ನೋಡಿಕೊಂಡ. ಶನಿ ಕಾಟಕ್ಕೆ ಎಣ್ಣೆಯಲ್ಲಿ ಮುಖ ನೋಡಿ ದಾನ ಕೊಡುವುದು ಇವತ್ತೂ ನಮ್ಮ ಮನೆಗಳಲ್ಲಿದೆ. ಇದನ್ನು ಬರೆದಿಟ್ಟವನು ಬ್ರಿಟಿಷ್ ಸೇನೆಯ ಅಲೆಕ್ಸಾಂಡರ್ ಬೀಟ್ಸನ್. ಅದೇ ಸಂಜೆ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹ ಸಿಕ್ಕಿತು. ಬಲತೋಳಿನಲ್ಲಿ ಒಂದು ತಾಯಿತ ಇತ್ತು. ಹೂವಿನ ರೇಷ್ಮೆಯಲ್ಲಿ ಹೊಲಿದದ್ದು. ಒಳಗೆ ಬೆಳ್ಳಿ ಬಣ್ಣದ, ಸುಲಭವಾಗಿ ಮುರಿಯುವಂಥ ಲೋಹದ ತುಂಡು, ಜೊತೆಗೆ ಅರಬ್ಬಿ ಪಾರಸಿಯಲ್ಲಿ ಬರೆದ ಚೀಟಿಗಳು.

ಟಿಪ್ಪುವಿನ ಖಡ್ಗದ ಬಗ್ಗೆ ಎಷ್ಟೊಂದು ಮಾತು! ಹರಾಜು, ಕೋಟಿಗಟ್ಟಲೆ ಬೆಲೆ, ಧಾರಾವಾಹಿ. ಆ ತಾಯಿತದ ಬಗ್ಗೆ ಮಾತೇ ಇಲ್ಲ. ನನಗೆ ಕುತೂಹಲ ಅದರ ಮೇಲೆ. ಫ್ರೆಂಚರಿಂದ ತಂತ್ರಜ್ಞರನ್ನು ತರಿಸಿಕೊಂಡವನು, ಕಬ್ಬಿಣದ ಕೊಳವೆಯ ರಾಕೆಟ್ ಹಾರಿಸಿ ಕಂಪನಿಯ ಸೈನ್ಯವನ್ನು ಬೆಚ್ಚಿಸಿದವನು, ಕೊನೆಯ ಬೆಳಿಗ್ಗೆ ಜ್ಯೋತಿಷಿಯ ಮಾತನ್ನೂ ಕೇಳಿದ, ತೋಳಿನ ತಾಯಿತವನ್ನೂ ಬಿಡಲಿಲ್ಲ. ಎರಡೂ ಕಡೆ ಅರ್ಜಿ ಹಾಕಿದ್ದ. ಇದನ್ನು ಮೌಢ್ಯ ಎಂದು ಒಂದೇ ಮಾತಲ್ಲಿ ತಳ್ಳಿಹಾಕಿದರೆ ಆ ಬೆಳಿಗ್ಗೆಯ ಮನುಷ್ಯ ನಮಗೆ ಕಾಣುವುದೇ ಇಲ್ಲ.

ಈಗ ಅದೃಶ್ಯ ಆಗುವ ವಿಧಾನ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ತೆರಿಗೆ, ಸೈನ್ಯ, ಗೂಢಚಾರರು ಎಲ್ಲ ಇರುವ ಗ್ರಂಥ ಎಂದು ನಾವು ಓದಿದ್ದೇವೆ. ಅದರ 14ನೇ ಅಧಿಕರಣವನ್ನು ಶಾಲೆಯಲ್ಲಿ ಹೇಳಿಕೊಡುವುದಿಲ್ಲ. ಅಲ್ಲಿರುವುದು ಬಹುಪಾಲು ಮಾಯಾಮಂತ್ರ. ಕತ್ತಲಲ್ಲಿ ಕಣ್ಣು ಕಾಣಲು, ಊರಿಗೆ ಊರನ್ನೇ ಮಲಗಿಸಲು, ಮುಚ್ಚಿದ ಬಾಗಿಲು ತೆರೆಯಲು. ಅದೃಶ್ಯ ಆಗಬೇಕೇ? ಮೂರು ರಾತ್ರಿ ಉಪವಾಸ ಇರಿ. ಪುಷ್ಯ ನಕ್ಷತ್ರದ ದಿನ, ಆಯುಧದಿಂದ ಸತ್ತವನ ಅಥವಾ ಶೂಲಕ್ಕೇರಿದವನ ತಲೆಬುರುಡೆ ತೆಗೆದುಕೊಳ್ಳಿ. ಅದಕ್ಕೆ ಮಣ್ಣು ತುಂಬಿ ಜವೆಗೋಧಿ ಬಿತ್ತಿ. ಕುರಿ ಹಾಲು ಹಾಕಿ ಬೆಳೆಸಿ. ಮೊಳಕೆಯ ಮಾಲೆ ಮಾಡಿ ಧರಿಸಿದರೆ ನೆರಳೂ ರೂಪವೂ ಇಲ್ಲದೆ ಓಡಾಡಬಹುದು. ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ. ಮುಖ್ಯವಾಗಿ ಬುರುಡೆ ಭಾಗ.

ಇದೇ ಅದೃಶ್ಯದ ಕನಸು ಗ್ರೀಸಿನಲ್ಲೂ ಇತ್ತು. ಪ್ಲೇಟೋ ಹೇಳುವ ಕತೆಯಲ್ಲಿ ಗೈಜೀಸ್ ಎಂಬ ಕುರುಬನಿಗೆ ಒಂದು ಉಂಗುರ ಸಿಗುತ್ತದೆ. ಹರಳನ್ನು ಅಂಗೈ ಕಡೆ ತಿರುಗಿಸಿದರೆ ಅವನು ಯಾರಿಗೂ ಕಾಣುವುದಿಲ್ಲ. ಅವನು ರಾಣಿಯನ್ನು ಒಲಿಸಿಕೊಂಡು ರಾಜನನ್ನು ಕೊಂದು ಸಿಂಹಾಸನ ಏರುತ್ತಾನೆ. ಯಾರೂ ನೋಡದಿದ್ದರೆ ಮನುಷ್ಯ ಒಳ್ಳೆಯವನಾಗಿ ಉಳಿಯುತ್ತಾನೆಯೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಕೌಟಿಲ್ಯನಿಗೆ ಆ ಚಿಂತೆ ಇಲ್ಲ. ಅವನದು ಸಾಮಾನಿನ ಪಟ್ಟಿ.

ಇಂಗ್ಲಿಷಿನ ಫ್ಯಾಂಟಸಿ ಹಿಡಿದದ್ದು ಉಂಗುರದ ದಾರಿಯನ್ನು. ಬೆರಳಿಗೆ ಹಾಕಿದ ಕೂಡಲೇ ಕೆಲಸ ಆಗಬೇಕು. 1950ರಲ್ಲಿ ಅಮೆರಿಕದ ಲೇಖಕ ಜಾಕ್ ವಾನ್ಸ್ ಒಂದು ಕಲ್ಪನೆ ತಂದ. ಮಾಂತ್ರಿಕ ಕೆಲವೇ ಮಂತ್ರಗಳನ್ನು ತಲೆಯಲ್ಲಿ ತುಂಬಿಕೊಳ್ಳಬಹುದು, ಒಮ್ಮೆ ಹೇಳಿದರೆ ಅದು ನೆನಪಿನಿಂದ ಅಳಿಸಿಹೋಗುತ್ತದೆ ಎಂದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಮಾಡಿದಾಗ ಮಂತ್ರಗಳಿಗೆ ಅದೇ ನಿಯಮ ಇಟ್ಟರು. ಮಾಯಾಖಡ್ಗಕ್ಕೂ ಅಂಕಿ ಬಂತು. ಇದು ಒಂದಂಕ ಜಾಸ್ತಿ, ಅದು ಎರಡಂಕ ಜಾಸ್ತಿ. ಮಾಂತ್ರಿಕ ಶಕ್ತಿಗೆ ‘ಮಾನಾ’ ಎಂದು ಹೆಸರಿಟ್ಟು, ಅದು ಖರ್ಚಾಗಿ ಮುಗಿದುಹೋಗುವ ಸಾಮಗ್ರಿ ಎಂದು 1969ರ ಒಂದು ಕತೆಯಲ್ಲಿ ತೋರಿಸಿದವನು ಲ್ಯಾರಿ ನಿವೆನ್. 1993ರಲ್ಲಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಇಸ್ಪೀಟು ಮಾದರಿಯ ಆಟ ಬಂತು. ಅದನ್ನು ಮಾಡಿದ ರಿಚರ್ಡ್ ಗಾರ್ಫೀಲ್ಡ್ ಗಣಿತದಲ್ಲಿ ಪಿಎಚ್‌ಡಿ ಮಾಡಿದವನು. ಅಲ್ಲೂ ಎಲ್ಲಕ್ಕೂ ಮಾನಾದ ಲೆಕ್ಕ. ನನ್ನ ಅಕ್ಕನ ಮಗ ಮೊಬೈಲಿನಲ್ಲಿ ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತೇನೆ. ನೀಲಿ ಪಟ್ಟಿ ತುಂಬಿದರೆ ಬೆಂಕಿ ಉಂಡೆ ಹಾರುತ್ತದೆ. ಪ್ರತಿ ಸಲ ಹಾರುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಆಟಕ್ಕೆ ನಿಯಮ ಬೇಕು. ಆದರೆ ಪ್ರತಿ ಸಲವೂ ಹಾರುವ ಬೆಂಕಿ ಉಂಡೆ ಮಂತ್ರವೇ? ನನ್ನ ಪ್ರಕಾರ ಅದು ಬಂದೂಕು. ಡೊಸಿಮೆಡಿಸ್‌ಗೆ ಕೈಗವಸು ವಾಪಸ್ ಸಿಕ್ಕಿತೋ ಇಲ್ಲವೋ ನಮಗೆ ಗೊತ್ತಿಲ್ಲ, ಬರೆಯುವಾಗ ಅವನಿಗೂ ಗೊತ್ತಿರಲಿಲ್ಲ. ಆ ಕಾಯುವಿಕೆ ತೆಗೆದರೆ ಮಾಟದಲ್ಲಿ ಉಳಿಯುವುದು ಯಂತ್ರ ಮಾತ್ರ.

ನಮ್ಮ ಕತೆಗಳು ಇದನ್ನು ಚೆನ್ನಾಗಿ ಬಲ್ಲವು. ಚಂದಮಾಮ ಓದಿ ಬೆಳೆದವರಿಗೆ ಬೇತಾಳ ಗೊತ್ತು. ಅದರದು ಎಂಥ ಕರಾರು ನೋಡಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿದಂತೆ, ಬೇತಾಳ ಮತ್ತೆ ಮರಕ್ಕೆ. ಶಕ್ತಿ ಇರುವುದು ಹೆಣದಲ್ಲೂ ಅಲ್ಲ, ರಾಜನ ಕತ್ತಿಯಲ್ಲೂ ಅಲ್ಲ, ಆ ಕರಾರಿನಲ್ಲಿ. ಏಳು ಸಮುದ್ರದ ಆಚೆ ಗಿಳಿಯಲ್ಲಿ ಪ್ರಾಣ ಇಟ್ಟ ಮಾಂತ್ರಿಕನ ಕತೆಯೂ ಹೀಗೇ. ಈಜಿಪ್ಟಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಬರೆದ ಇಬ್ಬರು ಅಣ್ಣತಮ್ಮಂದಿರ ಕತೆಯಲ್ಲಿ ತಮ್ಮ ತನ್ನ ಹೃದಯವನ್ನು ಮರದ ಹೂವಿನಲ್ಲಿ ಇಡುತ್ತಾನೆ. ರಷ್ಯಾದ ಜನಪದ ಕತೆಯ ಮಾಂತ್ರಿಕ ಕೊಶೇಯ್‌ನ ಸಾವು ಮೊಟ್ಟೆಯೊಳಗಿನ ಸೂಜಿಯಲ್ಲಿದೆ. ಎಲ್ಲರೂ ಸಾವನ್ನು ದೂರ ಬಚ್ಚಿಡುತ್ತಾರೆ. ಆಮೇಲೆ ಯಾವಳೋ ಒಬ್ಬಳು ಪ್ರೀತಿಯಿಂದ ಕೇಳಿದಾಗ ಬಾಯಿ ಬಿಡುತ್ತಾರೆ.

ಗಿರೀಶ ಕಾರ್ನಾಡರ ‘ನಾಗಮಂಡಲ’ 1988ರದ್ದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆ ಅದರ ಮೂಲ. ಗಂಡನನ್ನು ಒಲಿಸಿಕೊಳ್ಳಲು ರಾಣಿ ಎಂಬ ಹೆಸರಿನ ಹುಡುಗಿಗೆ ಕುರುಡವ್ವ ಒಂದು ಬೇರು ಕೊಡುತ್ತಾಳೆ. ಅಡಿಗೆಗೆ ಹಾಕಿದರೆ ಅದು ರಕ್ತದಂತೆ ಕೆಂಪಾಗುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಒಲಿಯುವುದು ಹುತ್ತದ ಹಾವು. ಬೇರು ಕೆಲಸ ಮಾಡಿತು, ಆದರೆ ಅರ್ಜಿ ಬೇರೆಯವರ ಕೈಗೆ ಹೋಯಿತು. ಇಡೀ ನಾಟಕ ನಿಂತಿರುವುದು ಈ ತಪ್ಪಿದ ವಿಳಾಸದ ಮೇಲೆ. ನೂರು ಬೆಂಕಿ ಉಂಡೆಗೂ ಈ ಬಲ ಇಲ್ಲ.

ಮೊದಲ ಪ್ರಶ್ನೆ ಹಿರಿಯರೊಬ್ಬರದು. ಕಾನೂನು ಬಂದಿದೆಯಲ್ಲ, ತಾಯಿತ ಕಟ್ಟಿಕೊಂಡರೂ ಅಪರಾಧವೇ ಎಂದು ಕೇಳಿದರು. ಸರ್, ವಾಮಾಚಾರ ತಡೆಯುವ ಕರ್ನಾಟಕದ ಕಾನೂನು 2017ರದ್ದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅದು ಜ್ಯೋತಿಷ್ಯ, ವಾಸ್ತುವಿನ ಸಲಹೆಯನ್ನು ಮುಟ್ಟಿಲ್ಲ. ಅದಕ್ಕೆ ಬೇಕಾದದ್ದು ಹಿಂಸೆ, ಅವಮಾನ, ಮೋಸ ನಿಲ್ಲುವುದು. ಬಾನಾಮತಿಯ ಹೆಸರಲ್ಲಿ ಹೊಡೆಸಿಕೊಂಡವರಲ್ಲಿ ಬಡವರು, ಒಂಟಿ ಹೆಂಗಸರು ಎಷ್ಟು ಜನ! ಅರ್ಜಿ ಹಾಕುವವನ ಕಷ್ಟದ ಬಗ್ಗೆ ಇಷ್ಟು ಹೊತ್ತು ಮಾತಾಡಿದೆ. ಆ ಅರ್ಜಿಯ ಹಿಂಬದಿಯ 18 ಹೆಸರುಗಳ ಕಷ್ಟವನ್ನೂ ನೆನೆಯಬೇಕು. ಅವರಲ್ಲಿ 17 ಜನರಾದರೂ ಏನೂ ಕದ್ದಿರಲಿಕ್ಕಿಲ್ಲ. ಇಲ್ಲೇ ಹತ್ತಿರದ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪರೀಕ್ಷೆಗೆ ಬನ್ನಿ ಎಂದು ದೊಡ್ಡವರಿಗೇ ಪತ್ರ ಬರೆದರು. ಅದೂ ಒಂದು ಅರ್ಜಿಯೇ, ಉತ್ತರ ಬರಲಿಲ್ಲ. ಹಾವು ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುತ್ತ ಕೂರುವುದು ಈ ಕಾನೂನಿನ ಪ್ರಕಾರ ಅಪರಾಧ. 14ನೇ ಶತಮಾನದಲ್ಲಿ ಮಂಗರಾಜ ಕನ್ನಡದಲ್ಲಿ ವಿಷವೈದ್ಯದ ಮೇಲೆ ‘ಖಗೇಂದ್ರಮಣಿದರ್ಪಣ’ ಬರೆದ. ಅವನಲ್ಲಿ ಮಂತ್ರವೂ ಇದೆ, ಗಿಡಮೂಲಿಕೆಯ ಮದ್ದೂ ಇದೆ. ಮಂತ್ರ ಇದೆ ಎಂದು ಅವನು ಮದ್ದು ಬಿಡಲಿಲ್ಲ.

ಎರಡನೆಯದು ಗೇಮ್ ಮಾಡುವ ಕಂಪನಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯದು. ಕನ್ನಡದಲ್ಲಿ ಇಂಥ ಆಟ ಮಾಡುವುದಾದರೆ ಎಲ್ಲಿಂದ ಶುರು ಮಾಡಲಿ ಸರ್ ಎಂದು. ನೋಡಮ್ಮ, ಖಡ್ಗದಿಂದ ಶುರು ಮಾಡಬೇಡ. ಕೌಟಿಲ್ಯನ ಆ ಗೂಢಚಾರನನ್ನು ಹಿಡಿ. ಮೂರು ರಾತ್ರಿ ಉಪವಾಸ ಇದ್ದವನು, ಹೊಟ್ಟೆ ಚುರುಗುಟ್ಟುತ್ತಿದೆ. ಶತ್ರುವಿನ ಊರಲ್ಲಿ ಅವನಿಗೆ ತಲೆಬುರುಡೆ ಬೇಕು. ಸ್ಮಶಾನ ಕಾಯುವವನು ಎಷ್ಟು ಕೇಳುತ್ತಾನೆ? ಕುರಿ ಹಾಲು ಯಾರ ಹಟ್ಟಿಯಿಂದ ತರಬೇಕು? ಜವೆ ಮೊಳಕೆ ಬರಲು ನಾಲ್ಕೈದು ದಿನವಾದರೂ ಬೇಕು. ಅಷ್ಟು ದಿನ ಆ ಬುರುಡೆಯನ್ನು ಇಟ್ಟುಕೊಂಡು ಅವನು ಯಾರ ಮನೆಯಲ್ಲಿ ಅಡಗಿರುತ್ತಾನೆ, ಆ ಮನೆಯವಳಿಗೆ ಏನು ಸುಳ್ಳು ಹೇಳುತ್ತಾನೆ? ಮಂತ್ರ ಫಲಿಸುತ್ತದೋ ಇಲ್ಲವೋ ಎಂದು ಆಡುವವರಿಗೂ ಕೊನೆಯವರೆಗೆ ಹೇಳಬೇಡ. ಕಾವಲುಗಾರನ ಎದುರು ಮಾಲೆ ಹಾಕಿಕೊಂಡು ನಡೆದೇ ನೋಡಬೇಕು.